ಮುಯ್ಯಿಗೆ ಬಂದ ಉಸಿರು

ರಾಯದುರ್ಗದ ಕೋಟೆಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ಬೆಟ್ಟದ ಬುಡದ ಓಣಿಯಲ್ಲಿ, ಜೀನ್ಸ್ ಪ್ಯಾಂಟಿನ ಶೆಡ್ಡೊಂದರ ಬಾಗಿಲ ಮುಂದೆ ವನಿತಾ ನಿಂತಿದ್ದಾಳೆ. ಹೆಗಲಲ್ಲಿ ಕಾಲೇಜಿನ ಬ್ಯಾಗು, ಕೈಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಕೊಳವೆ. ಕೆಲಸಕ್ಕೆ ಬರುವ ಹೆಂಗಸರು ಒಬ್ಬೊಬ್ಬರಾಗಿ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಕೊಳವೆಯನ್ನು ತುಟಿಗಿಟ್ಟು ಇದ್ದ ಬಲವನ್ನೆಲ್ಲ ಹಾಕಿ ಊದುತ್ತಾರೆ. ಕೊಳವೆಯ ಮೇಲಿನ ಕೆಂಪು ಮುಳ್ಳು ಸರ್ರನೆ ಓಡಿ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಎದೆಯಲ್ಲಿ ಎಷ್ಟು ಉಸಿರಿನ ಬಲ ಉಳಿದಿದೆ ಎಂದು ಅದು ಹೇಳುತ್ತದೆ. ವನಿತಾ ಬಾಯಿಗಿಡುವ ರಟ್ಟಿನ ತುದಿ ಬದಲಿಸಿ ಮುಂದಿನವರಿಗೆ ಕೊಡುತ್ತಾಳೆ, ಅಂಕಿಯನ್ನು ಫೋನಿಗೆ ತುಂಬುತ್ತಾಳೆ. ಓಣಿಯಲ್ಲಿ ಅವಳನ್ನು ವನಿತಾ ಎಂದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ಪೀಪಿ ಹುಡುಗಿ.

ಇವತ್ತು ಬುಧವಾರ. ಸಾಲಿನ ಕೊನೆಯಲ್ಲಿ ಅಂಬಮ್ಮ ನಿಂತಿದ್ದಾರೆ. ಮಗಳ ಬಾಣಂತನಕ್ಕೆಂದು ಡಿ. ಹಿರೇಹಾಳಿಗೆ ಹೋದವರು ನಿನ್ನೆಯಷ್ಟೇ ವಾಪಸು ಬಂದಿದ್ದಾರೆ. ಅವರು ಊದುತ್ತಾರೆ. ಮುಳ್ಳು ಇನ್ನೂರು ದಾಟಿದ್ದೇ ತಡ, ಸುಸ್ತಾದಂತೆ ನಿಂತುಬಿಡುತ್ತದೆ. ಇನ್ನೊಮ್ಮೆ ಊದಿಸುತ್ತಾಳೆ, ಮತ್ತೊಮ್ಮೆ ಊದಿಸುತ್ತಾಳೆ. ಅಷ್ಟೇ. ಅಂಬಮ್ಮ ಕೆಮ್ಮುತ್ತಾ ಮೆಟ್ಟಿಲ ಮೇಲೆ ಕೂರುತ್ತಾರೆ.

"ಏನವಾ, ನಿನ್ನ ಪೀಪಿ ಕೆಟ್ಟೈತೇನು? ಮಾರಿ ಯಾಕ ಹಂಗ ಮಾಡಿ?"

ಪೀಪಿ ಕೆಟ್ಟಿಲ್ಲ. ಫೋನಿನಲ್ಲಿ ಅಂಬಮ್ಮನ ಹೆಸರಿನ ಮುಂದೆ ಕಳೆದ ವಾರದ ಅಂಕಿ ನಾನೂರರ ಹತ್ತಿರ ಇದೆ. ವನಿತಾ ಅದನ್ನು ನೋಡುತ್ತಾಳೆ, ಅಂಬಮ್ಮನನ್ನು ನೋಡುತ್ತಾಳೆ. ತಾನು ಏನು ಮಾಡಿಕೊಂಡಿದ್ದೇನೆ ಎಂಬುದು ಆಗ ಹೊಳೆಯುತ್ತದೆ.

ಈ ಹುಡುಗಿ ರಾಯದುರ್ಗದವಳಲ್ಲ. ಮಡಕಶಿರಾ ಕಡೆಯ ಹಳ್ಳಿಯವಳು. ಅಪ್ಪ ಚಿತ್ತಪ್ಪನದು ಶೇಂಗಾ ಹೊಲ, ಬದುವಿಗೆ ಹೊಂದಿಕೊಂಡಂತೆ ಒಂದಿಷ್ಟು ಹಿಪ್ಪುನೇರಳೆ. ಅವ್ವ ಕೆಂಪಕ್ಕ ಕೋಳಿ ಕೂಗುವ ಹೊತ್ತಿಗೆಲ್ಲ ಬುತ್ತಿ ಕಟ್ಟಿಕೊಂಡು, ಊರಬಾಗಿಲಿಗೆ ಬರುವ ಗಾರ್ಮೆಂಟ್ಸ್ ವ್ಯಾನು ಹತ್ತಿ ಹಿಂದೂಪುರದ ಕಡೆ ಹೋಗುತ್ತಾಳೆ. ಆ ಊರಿನಲ್ಲಿ ಇಂಟರ್, ಅಂದರೆ ಆಂಧ್ರದ ಪಿಯುಸಿ, ಮುಗಿಸಿದ ಹೆಣ್ಣುಮಕ್ಕಳ ಮುಂದಿನ ದಾರಿ ಯಾವುದು ಎಂದು ಯಾರೂ ಕೇಳುವುದಿಲ್ಲ. ವ್ಯಾನಿದೆಯಲ್ಲ. ವನಿತಾ ಕೂಡ ಇಂಟರ್ ಆದ ಮೇಲೆ ಒಂದು ವರ್ಷ ಅವ್ವನ ಪಕ್ಕದ ಸೀಟಿನಲ್ಲಿ ಕೂತು ಹೋಗಿ, ಅಂಗಿಗಳ ಅಂಚಿನ ದಾರ ಕತ್ತರಿಸಿ ಬಂದವಳೇ.

"ದಾರ ಕತ್ರಿಸೋದೇನ್ ಕಷ್ಟದ್ ಕೆಲ್ಸ ಅಲ್ಲ," ಎನ್ನುತ್ತಾಳೆ ಅವಳು. "ಆದ್ರೆ ಸಂಜೆ ತನ್ಕ ತಲೆ ಎತ್ತಂಗಿಲ್ಲ. ತಲೆ ಒಳ್ಗಡೆ ಏನೂ ಓಡಂಗಿಲ್ಲ. ನಂಗೆ ಭಯ ಆಗಿದ್ದು ಅದಕ್ಕೆ. ಹಿಂಗೇ ಇದ್ರೆ ಓದಿದ್ದೆಲ್ಲ ಮರ್ತೋಗ್ತದೆ ಅನ್ಸೋದು."

ಆಮೇಲೆ ರಾಯದುರ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೀಜು ಸರ್ಕಾರ ಕಟ್ಟುತ್ತದೆ ಎಂದರು. ಸರಿ, ಹಾಸ್ಟೆಲಿನ ಊಟ? ಬಸ್ಸು, ಪುಸ್ತಕ? ಕಾಲೇಜಿಗೆ ಸೇರುವ ಬಡಮಕ್ಕಳು ಬಿಟ್ಟುಹೋಗುವುದು ಫೀಜಿನಿಂದಲ್ಲ, ಈ ಮೇಲುಖರ್ಚಿನಿಂದ. ಇದು ಎಲ್ಲ ಪ್ರಿನ್ಸಿಪಾಲರಿಗೂ ಗೊತ್ತು, ಗೊತ್ತಿದ್ದೂ ಹಾಜರಿ ಕಡಿಮೆಯಾದರೆ ಬೈಯುವುದನ್ನು ಮಾತ್ರ ಬಿಡುವುದಿಲ್ಲ. ವನಿತಾಳ ಕಾಲೇಜು ಮಾತ್ರ ಒಂದು ಬುದ್ಧಿವಂತಿಕೆ ಮಾಡಿತು. ಅಧ್ಯಾಪಕರು ನಡೆಸುವ ಸಂಶೋಧನೆಗಳಲ್ಲಿ ಡಿಗ್ರಿ ಮಕ್ಕಳನ್ನೇ ಕೆಲಸಕ್ಕೆ ತೆಗೆದುಕೊಂಡು ತಿಂಗಳ ಸಂಬಳ ಕೊಡುವುದು, ಅದೂ ಮನೆಯಲ್ಲಿ ತೊಂದರೆ ಇರುವವರಿಗೆ ಮಾತ್ರ. ಲ್ಯಾಬಿನ ಗಾಜು ತೊಳೆಯುವ ಕೆಲಸವಲ್ಲ. ಅಳೆಯುವುದು, ಬರೆಯುವುದು, ಯಾಕೆ ಹೀಗೆ ಎಂದು ಯೋಚಿಸುವುದು. ಯೋಚನೆ ಮಾಡಿದ್ದಕ್ಕೆ ಸಂಬಳ ಕೊಡುತ್ತಾರೆ ಎಂದಾಗ ಚಿತ್ತಪ್ಪ ಮೊದಲು ನಂಬಲೇ ಇಲ್ಲ.

ಆದರೆ ಈ ಯೋಜನೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಪ್ರತಿ ಸೆಮಿಸ್ಟರಿನಲ್ಲೂ ಒಂದು ಸಮಿತಿ ಕೂತು ಯಾರನ್ನು ಮುಂದುವರಿಸಬೇಕು, ಯಾರನ್ನು ಬಿಡಬೇಕು ಎಂದು ನೋಡುತ್ತದೆ. ಸಮಿತಿಯ ಹಿರಿಯರಾದ ತಿಪ್ಪೇರುದ್ರಪ್ಪನವರಿಗೆ ಈ ವ್ಯವಹಾರವೇ ಹಿಡಿಸಿಲ್ಲ. ಸಂಶೋಧನೆ ಮಕ್ಕಳಾಟವಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಕೆಲಸ ತಪ್ಪಿದರೆ ವನಿತಾಳಿಗೆ ಹಾಸ್ಟೆಲಿಲ್ಲ, ಹಾಸ್ಟೆಲಿಲ್ಲದಿದ್ದರೆ ಕಾಲೇಜಿಲ್ಲ. ಮತ್ತೆ ವ್ಯಾನು.

ಅವಳಿಗೆ ಸಿಕ್ಕಿದ್ದು ಚಂದ್ರಕಲಾ ಮೇಡಂ ಅವರ ಸಂಶೋಧನೆ. ಮೇಡಂ ಇದೇ ಊರಿನ ವ್ಯಾಪಾರಸ್ಥರ ಮನೆಯವರು. ಬೆಟ್ಟದ ಬುಡದ ಆ ಶೆಡ್ಡು ವಾಗೀಶ್ ಎಂಬುವರದು, ಅಲ್ಲಿ ಹೊಸ ಪ್ಯಾಂಟನ್ನು ಹಳೆಯದು ಮಾಡುತ್ತಾರೆ. ಹೌದು, ಸರಿಯಾಗಿಯೇ ಓದಿದಿರಿ. ತೊಡೆಯ ಮೇಲೆ, ಮೊಣಕಾಲ ಮೇಲೆ ಮರಳುಕಾಗದ ಹಾಕಿ ತಿಕ್ಕಿ ತಿಕ್ಕಿ ಬಣ್ಣ ಬಿಡಿಸುತ್ತಾರೆ, ಹಾಗೆ ಸವೆದ ಪ್ಯಾಂಟಿಗೇ ಪಟ್ಟಣದಲ್ಲಿ ಬೆಲೆ ಜಾಸ್ತಿ. ತಿಕ್ಕುವ ಹೆಂಗಸರ ರೆಪ್ಪೆ ನೀಲಿ, ಮೂಗಿನ ಹೊಳ್ಳೆ ನೀಲಿ, ಉಗುಳೂ ನೀಲಿ. ಈ ಧೂಳನ್ನು ಎಳೆದು ಹೊರಗೆ ಹಾಕುವ ಒಂದು ಅಗ್ಗದ ಫ್ಯಾನು ಕೂರಿಸಿದರೆ ಇವರ ಉಸಿರು ಸುಧಾರಿಸುತ್ತದೆಯೇ? ಮೇಡಂ ಕೇಳಿಕೊಂಡ ಪ್ರಶ್ನೆ ಇಷ್ಟೇ. ವಾಗೀಶ್ ಒಪ್ಪಿ ತಿಕ್ಕುವ ಬೆಂಚಿನ ತಲೆಗೆ ಫ್ಯಾನು ಹಾಕಿಸಿದರು. ಫ್ಯಾನು ಬರುವ ಮೊದಲೂ, ಬಂದ ಮೇಲೂ ವನಿತಾ ಬೆಳಗ್ಗೆ ಕ್ಲಾಸಿಗೆ ಮುಂಚೆ, ಸಂಜೆ ಕ್ಲಾಸು ಮುಗಿದ ಮೇಲೆ ಉಸಿರು ಅಳೆಯಬೇಕು.

ಫ್ಯಾನು ಬಂದ ಹೊಸದರಲ್ಲೇ ಅಂಬಮ್ಮ ಮಗಳ ಮನೆಗೆ ಹೋದರು. ಅವರ ಜಾಗದಲ್ಲಿ ಬಂದು ಕೂತವಳು ಅವರ ನೆಗೆಣ್ಣಿ ಚೌಡಕ್ಕ, ಮೈದುನನ ಹೆಂಡತಿ. ಇನ್ನೂ ಸಣ್ಣ ವಯಸ್ಸು, ಗಟ್ಟಿ ಹೆಂಗಸು.

"ನೀವ್ಯಾರಕ್ಕ?" ಎಂದು ವನಿತಾ ಕೇಳಿದ್ದಳು.

"ಅಂಬಕ್ಕಗ ಮುಯ್ಯಾಳು ಬಂದೀನವಾ."

ಅಷ್ಟು ಸಾಕಾಯಿತು ಅವಳಿಗೆ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಚೌಡಕ್ಕನಿಂದ ಊದಿಸಿದಳು, ಬಂದ ಅಂಕಿಯನ್ನು ಅಂಬಮ್ಮನ ಹೆಸರಿನ ಮುಂದೆ ತುಂಬಿದಳು. ಪಟ್ಟಣದಲ್ಲಿ ಹುಟ್ಟಿದ ಯಾವ ಹುಡುಗಿಯೂ ಈ ತಪ್ಪು ಮಾಡುತ್ತಿರಲಿಲ್ಲ. ಮುಯ್ಯಾಳೆಂದರೆ ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯ ಮಾತಿಲ್ಲ. ಶೇಂಗಾ ಕೀಳುವ ದಿನಗಳಲ್ಲಿ ಕೆಂಪಕ್ಕನಿಗೆ ಜ್ವರ ಬಂದರೆ ವನಿತಾ ಹೋಗುತ್ತಿದ್ದಳು, ಅವತ್ತಿನ ದುಡಿಮೆ ಕೆಂಪಕ್ಕನ ಲೆಕ್ಕಕ್ಕೇ ಸೇರುತ್ತಿತ್ತು. "ನಮ್ಮೂರಾಗೆ ಬಂದೋರ್ ಯಾರು ಅಂತ ಯಾರೂ ನೋಡಲ್ಲ. ಯಾರ ಮನೆ ಆಳು ಅಂತ ನೋಡ್ತಾರೆ, ಅಷ್ಟೇಯ. ನಾನೂ ಹಂಗೇ ಬರ್ಕಂಡೆ," ಎನ್ನುತ್ತಾಳೆ. ಹೊಲದಿಂದ ಶೆಡ್ಡಿಗೆ ಬಂದ ಹೆಂಗಸರು ಮುಯ್ಯಿಯನ್ನೂ ಜೊತೆಗೇ ತಂದಿದ್ದರು. ಹಬ್ಬಕ್ಕೆ, ಆಸ್ಪತ್ರೆಗೆ, ನೇಮಕಲ್ಲಿನ ಆಂಜನೇಯನಿಗೆ ಹೋಗುವವರ ಜಾಗದಲ್ಲಿ ಇನ್ನೊಬ್ಬರು ಬಂದು ಕೂರುತ್ತಿದ್ದರು. ಬೆಂಚು ಖಾಲಿ ಬೀಳದಿದ್ದರೆ ಸಾಕು, ವಾಗೀಶ್ ಅವರದೂ ತಕರಾರಿರಲಿಲ್ಲ. ಹೀಗಾಗಿ ಚೌಡಕ್ಕನ ಉಸಿರೊಂದೇ ಅಲ್ಲ, ಇನ್ನೂ ಎಷ್ಟೋ ಉಸಿರುಗಳು ಯಾರ್‍ಯಾರದೋ ಹೆಸರಿಗೆ ಬಿದ್ದಿವೆ.

ಉಸಿರು ಮಾತ್ರ ಮುಯ್ಯಿಗೆ ಬರುವಂಥದ್ದಲ್ಲ. ಅಂಬಮ್ಮ ಮೆಟ್ಟಿಲ ಮೇಲೆ ಕೂತು ಕೆಮ್ಮುವವರೆಗೆ ಇದು ವನಿತಾಳಿಗೆ ಹೊಳೆದಿರಲೇ ಇಲ್ಲ.

ಆ ಬುಧವಾರದ ಬೆಳಗು ಅಲ್ಲಿಗೇ ಮುಗಿಯಲಿಲ್ಲ. ಸುಧಾರಿಸಿಕೊಂಡ ಅಂಬಮ್ಮ ಒಳಗೆ ಹೋಗಿ ವಾಗೀಶ್ ಅವರ ಮುಂದೆ ನಿಂತು, ತನ್ನನ್ನು ಗುಂಡಿ ಹಚ್ಚುವ ಬೆಂಚಿಗೆ ಹಾಕಿ ಎಂದು ಕೇಳುತ್ತಾರೆ. ಗುಂಡಿಯ ಬೆಂಚು ಕಿಟಕಿಯ ಪಕ್ಕದಲ್ಲಿದೆ, ಅಲ್ಲಿ ಧೂಳಿಲ್ಲ.

"ಯಾಕ ಅಂಬಕ್ಕ? ನಿನ್ನ ಉಸಿರು ಈಗ ಹುಡುಗೇರ್ದು ಇದ್ದಂಗ ಐತಂತಲ್ಲ," ಎಂದು ವಾಗೀಶ್ ನಗುತ್ತಾರೆ. "ಪೀಪಿ ಹುಡುಗೀನೇ ಹೋದ ವಾರ ಹೇಳ್ಯಾಳ. ಹೋಗು, ನಿನ್ನ ಜಾಗದಾಗ ಕೂಡು."

ನಿಜ. ಅಂಕಿ ಏರಿದ ಖುಷಿಯಲ್ಲಿ ವನಿತಾಳೇ ಹೇಳಿದ್ದಳು. ಅಂಬಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಮರಳುಕಾಗದ ಕೈಗೆತ್ತಿಕೊಳ್ಳುತ್ತಾರೆ. ಬಾಗಿಲಲ್ಲಿ ನಿಂತು ನೋಡಿದ ವನಿತಾ ಕೊಳವೆಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಡುತ್ತಾಳೆ.

ಕಾಲೇಜಿಗೆ ಹೋಗುವ ದಾರಿಯಲ್ಲೇ ಮೇಡಂ ಫೋನು ಮಾಡುತ್ತಾರೆ. "ವನಿತಾ, ಅಂಬಮ್ಮಂದು ನಿನ್ನೀ ತನಕದ ಗ್ರಾಫಿನ ಗೆರಿ ನೋಡಿದೆ ನೋಡು. ಎಷ್ಟು ಚಂದ ಏರೇತಿ! ಶುಕ್ರವಾರ ಸಮಿತಿಗೆ ಮೊದಲು ಅದನ್ನೇ ತೋರಸ್ತೀನಿ. ನಿನ್ನ ಕೆಲಸಕ್ಕ ಇನ್ನ ಯಾರೂ ಕೈ ಹಚ್ಚಂಗಿಲ್ಲ."

ಈಗ ನೋಡಿ ಹುಡುಗಿಯ ಇಕ್ಕಟ್ಟು. ತಪ್ಪು ಅವಳದೇ, ಆದರೆ ಆ ತಪ್ಪಿನಿಂದಲೇ ಕೆಲಸ ಉಳಿಯುತ್ತದೆ. ಸುಮ್ಮನಿದ್ದರೆ ಸಾಕು. ಹೇಳಿದರೆ ತಿಪ್ಪೇರುದ್ರಪ್ಪನವರ ಕೈಗೆ ತಾನೇ ಕೋಲು ಕೊಟ್ಟಂತೆ. ತನ್ನ ಕೆಲಸವೊಂದೇ ಅಲ್ಲ, ಇದೇ ಯೋಜನೆಯಲ್ಲಿರುವ ಉಳಿದ ಮಕ್ಕಳ ಕಡೆಗೂ ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಗುರುವಾರ ಸಂಜೆ ಹಾಸ್ಟೆಲಿನ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ಅವ್ವನಿಗೆ ಫೋನು ಮಾಡುತ್ತಾಳೆ. ಕೆಂಪಕ್ಕ ಎಲ್ಲವನ್ನೂ ಕೇಳಿಸಿಕೊಂಡು ಹೇಳುವುದಿಷ್ಟು:

"ವ್ಯಾನೇನ್ ಎಲ್ಲೂ ಓಗಲ್ಲ ಕಣವ್ವ, ದಿನಾ ಬತ್ತೈತೆ. ನೀನು ಅದ್ರಾಗೆ ಹತ್ತಬಾರ್ದು ಅಂತಾನೇ ನಾನ್ ಹತ್ತೋದು. ನಿಂಗೆ ಯಾವ್ದು ಸರಿ ಅನ್ಸುತ್ತೋ ನೋಡು."

ಹೇಳು ಎಂದೂ ಅನ್ನಲಿಲ್ಲ, ಹೇಳಬೇಡ ಎಂದೂ ಅನ್ನಲಿಲ್ಲ. ಮಗಳ ಮೇಲೆ ಅಷ್ಟು ಭಾರ ಹೊರಿಸಿದ ಮಾತು ಇನ್ನೊಂದಿರಲಾರದು. ಫೋನಿಟ್ಟ ಮೇಲೆ ವನಿತಾ ಹಾಸ್ಟೆಲಿನ ಹಿಂದಿನ ಕಟ್ಟೆಯ ಮೇಲೆ ಕೂತು ಅಳುತ್ತಾಳೆ. ಆಮೇಲೆ ಮುಖ ತೊಳೆದುಕೊಂಡು ಓಣಿಗೆ ಹೋಗುತ್ತಾಳೆ.

ಮನೆಮನೆಗೂ ಹೋಗಿ ಕೇಳುತ್ತಾಳೆ, ಫ್ಯಾನು ಬಂದ ಮೇಲೆ ಯಾರ ಜಾಗದಲ್ಲಿ ಯಾರು ಯಾವಾಗ ಕೂತಿದ್ದಿರಿ ಎಂದು. ಹೆಂಗಸರಿಗೆ ಮೊದಲು ಗಾಬರಿ. ಧಣಿಗೇನಾದರೂ ದೂರು ಹೋಯಿತೇ ಎಂಬ ಅನುಮಾನ. ಚೌಡಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿ, "ಅಂದ್ರ ನನ್ನ ಉಸಿರು ಹೋಗಿ ಅಂಬಕ್ಕನ ಹೆಸರಿಗೆ ಕುಂತೈತಾ? ಚಲೋ ಆತಲ್ಲ, ಆಕಿಗೆ ಹಂಗರೆ ಆಯುಷ್ಯ ಬರಲಿ," ಎಂದು ನಗುತ್ತಾಳೆ. ವನಿತಾ ನಗುವುದಿಲ್ಲ. ಆ ಉಸಿರಿನ ದೆಸೆಯಿಂದಲೇ ಅಂಬಮ್ಮ ಇವತ್ತೂ ಧೂಳಿನಲ್ಲಿ ಕೂತಿದ್ದಾರೆ ಎಂದಾಗ ಚೌಡಕ್ಕನೂ ಗಂಭೀರಳಾಗಿ ಹೇಳತೊಡಗುತ್ತಾಳೆ. ಒಬ್ಬರೂ ತಡಕಾಡುವುದಿಲ್ಲ. ಮುಯ್ಯಿ ತೀರಿಸಬೇಕಾದದ್ದಲ್ಲವೇ, ಯಾರಿಗೆ ಯಾರು ಆಳಾಗಿ ಹೋಗಿದ್ದರು ಎಂಬುದನ್ನು ಯಾವ ಹೆಂಗಸೂ ಮರೆಯುವುದಿಲ್ಲ. ಓಣಿ ಮಲಗುವ ಮುಂಚೆ ಯಾವ ಉಸಿರು ಯಾರದು ಎಂಬುದು ಬಹುಪಾಲು ಬೇರೆಯಾಗುತ್ತದೆ.

ಶುಕ್ರವಾರ, ಸಮಿತಿ ಕೂರುವ ಮುಂಚೆ, ಲ್ಯಾಬಿನಲ್ಲಿ ಮೇಡಂ ಒಬ್ಬರೇ ಇದ್ದಾಗ ವನಿತಾ ಎಲ್ಲವನ್ನೂ ಹೇಳಿಬಿಡುತ್ತಾಳೆ. ಮೇಡಂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ಎದೆ ಹಗುರಾಗುತ್ತಿತ್ತು ಎನ್ನುತ್ತಾಳೆ ಹುಡುಗಿ.

"ನಾನೂ ಈ ಊರಾಗ ಹುಟ್ಟಿದಾಕಿ," ಎನ್ನುತ್ತಾರೆ ಮೇಡಂ ಕೊನೆಗೆ. "ಶೆಡ್ಡಿನಾಗ ಮುಯ್ಯಿ ನಡೀತೈತಿ ಅಂತ ನನಗ ಗೊತ್ತಿರ್ಲಿಲ್ಲ. ಬಂದಾಕಿ ಯಾರು ಅಂತ ಹೆಸರು ಕೇಳಿ ಬರಕೋ ಅಂತರ ನಿನಗ ಹೇಳಬೇಕಿತ್ತು ನಾನು. ಹೇಳ್ಲಿಲ್ಲ. ನಡಿ, ಇಬ್ಬರೂ ಹೋಗೂಣು."

ಮುಯ್ಯಿಗೆ ಬಂದ ಉಸಿರನ್ನೆಲ್ಲ ತೆಗೆದ ಮೇಲೆ ಉಳಿದ ಗೆರೆ ಸಮಿತಿಯ ಮುಂದೆ ಬರುತ್ತದೆ. ಏರಿಕೆ ಇದೆಯೋ ಇಲ್ಲವೋ ಎನ್ನುವಷ್ಟು. ತಿಪ್ಪೇರುದ್ರಪ್ಪನವರು ಅದನ್ನು ನೋಡುತ್ತಾರೆ, ನಿಂತೇ ಇರುವ ಹುಡುಗಿಯನ್ನು ನೋಡುತ್ತಾರೆ.

"ಎಂದುಕು ಚೆಪ್ಪಾವಮ್ಮಾ?" ಎಂದು ತೆಲುಗಿನಲ್ಲಿ ಕೇಳುತ್ತಾರೆ. ಯಾಕೆ ಹೇಳಿದೆ? ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ?

ವನಿತಾ ತೆಲುಗು ಬಲ್ಲವಳೇ, ಆದರೆ ಆ ಹೊತ್ತಿಗೆ ಬಾಯಿಗೆ ಬರುವುದು ಮನೆಯ ಮಾತು. "ಅಂಬಮ್ಮಾರು ಈಗ್ಲೂ ಧೂಳಾಗೇ ಕುಂತವ್ರೆ ಸಾರ್. ನಾನ್ ಬರ್ದಿದ್ ಅಂಕಿ ನಂಬ್ಕಂಡು ಅವ್ರನ್ನ ಅಲ್ಲಿ ಕುಂಡ್ರಿಸವ್ರೆ."

ಹೊರಗೆ ನಿಲ್ಲು ಎನ್ನುತ್ತಾರೆ. ಬಾಗಿಲು ಮುಚ್ಚುತ್ತದೆ. ಒಳಗಿನ ಮಾತು ಏರುತ್ತದೆ, ಇಳಿಯುತ್ತದೆ, ಯಾವ ಪದವೂ ಬಿಡಿಸಿ ಕೇಳುವುದಿಲ್ಲ. ವನಿತಾ ವರಾಂಡದ ಕಂಬಕ್ಕೆ ಒರಗಿ, ಕೆಲಸ ಹೋದರೆ ಹಾಸ್ಟೆಲಿನ ಟ್ರಂಕನ್ನು ಯಾವ ಬಸ್ಸಿಗೆ ಹಾಕುವುದು ಎಂದು ಯೋಚಿಸುತ್ತಾಳೆ. ಬೆಳಗಿನ ಬಸ್ಸಿನಲ್ಲಿ ಹೋದರೆ ಅಪ್ಪ ಹೊಲದಲ್ಲಿರುತ್ತಾನೆ, ಕೂಡಲೇ ಮುಖ ನೋಡಬೇಕಾಗುವುದಿಲ್ಲ ಎನ್ನುವವರೆಗೂ ಯೋಚನೆ ಹೋಗುತ್ತದೆ.

ಕೊನೆಗೆ ತಿಪ್ಪೇರುದ್ರಪ್ಪನವರೇ ಹೊರಬಂದು ತೀರ್ಮಾನ ಹೇಳುತ್ತಾರೆ. ಈ ಸೆಮಿಸ್ಟರಿನ ಮಟ್ಟಿಗೆ ಕೆಲಸ ಇರುತ್ತದೆ. ಇನ್ನು ಮುಂದೆ ಪ್ರತಿ ವಾರ ಒಬ್ಬ ಅಧ್ಯಾಪಕರು ಶೆಡ್ಡಿಗೆ ಬಂದು ನೋಡುತ್ತಾರೆ. ಸೆಮಿಸ್ಟರಿನ ಕೊನೆಗೆ ಫಲಿತಾಂಶ ನೋಡಿ, ಏನಾದರೂ ಪ್ರಯೋಜನ ಕಂಡರೆ ಮುಂದುವರಿಸುವ ಯೋಚನೆ. ಇದನ್ನು ಕೇಳಿದಾಗ ಸಿಟ್ಟು ಬರದೆ ಇರುವುದಿಲ್ಲ. ಫ್ಯಾನಿನಿಂದ ಉಪಯೋಗವಿಲ್ಲ ಎಂದು ಗೊತ್ತಾದರೂ ಅದು ಫಲಿತಾಂಶವೇ ಅಲ್ಲವೇ? ಒಳ್ಳೆಯ ಸುದ್ದಿ ತಂದವರಿಗಷ್ಟೇ ಸಂಬಳ ಎಂದರೆ ಮಕ್ಕಳು ಒಳ್ಳೆಯ ಸುದ್ದಿಯನ್ನಷ್ಟೇ ತರುವುದನ್ನು ಕಲಿಯುತ್ತಾರೆ. ಆದರೆ ಇದನ್ನೆಲ್ಲ ವನಿತಾ ಅಲ್ಲಿ ಹೇಳುವ ಹಾಗಿಲ್ಲ. ಕೈಮುಗಿದು ಬರುತ್ತಾಳೆ.

ಅಲ್ಲಿಂದ ನೇರ ವಾಗೀಶ್ ಅವರ ಹತ್ತಿರ. ಅಂಬಮ್ಮನ ಅಂಕಿ ತಪ್ಪು, ಅದು ಚೌಡಕ್ಕನದು ಎಂದಾಗ ಅವರ ಮುಖ ಗಂಟಾಗುತ್ತದೆ. "ಹಂಗಾರ ನಾ ಫ್ಯಾನ್ ಹಾಕ್ಸಿದ್ದು ದಂಡ? ಒಂದಿನ ಹಿಂಗಂತಿ, ಒಂದಿನ ಹಂಗಂತಿ, ಯಾವ್ದು ನಂಬಬೇಕು?" ಹುಡುಗಿ ಜಗ್ಗುವುದಿಲ್ಲ, ಅಲ್ಲೇ ನಿಂತಿರುತ್ತಾಳೆ. "ಸರಿ," ಎನ್ನುತ್ತಾರೆ ವಾಗೀಶ್. "ಸೋಮವಾರ ನನ್ನ ಕಣ್ಣಮುಂದ ಊದಸು. ಅಷ್ಟು ಕಡಿಮಿ ಇರೋದು ಖರೇ ಆದ್ರ ಗುಂಡಿ ಬೆಂಚಿಗೆ ಹಾಕ್ತೀನಿ."

ಸೋಮವಾರ ಬೆಳಗಾಗುವ ಹೊತ್ತಿಗೆ ಈ ಸುದ್ದಿ ಓಣಿಯನ್ನೆಲ್ಲ ಸುತ್ತಿ ಬಂದಿದೆ. ವನಿತಾ ಪ್ರತಿಯೊಬ್ಬರನ್ನೂ ಹೆಸರು ಕೇಳಿಯೇ ಊದಿಸುತ್ತಾಳೆ. "ದಿನಾ ನೋಡ್ತಿ, ಇವತ್ತೇನು ಹೊಸದಾಗಿ ಹೆಣ್ಣು ನೋಡಾಕ ಬಂದಿಯೇನು?" ಎಂದು ಚೌಡಕ್ಕ ಛೇಡಿಸುತ್ತಾಳೆ. ಅವಳ ಹಿಂದೆ ನಿಂತ ಅಂಬಮ್ಮ ಮಾತ್ರ ಕೊಳವೆಗೆ ಕೈ ಚಾಚುವುದಿಲ್ಲ. ವಾಗೀಶ್ ಇನ್ನೂ ಹೊರಗೆ ಬಂದಿಲ್ಲ. ಅಂಬಮ್ಮ ಹತ್ತಿರ ಬಂದು ದನಿ ತಗ್ಗಿಸುತ್ತಾರೆ.

"ನನ್ನ ಉಸಿರು ಬರಕೊಂಡ್ರ ನಿನ್ನ ಗೆರಿ ಇಳೀತೈತಂತಲ್ಲವಾ, ಚೌಡಿ ಹೇಳಿದ್ಲು. ನಿನ್ನ ಕೆಲಸಕ್ಕ ಕುತ್ತು ಬರ್ತೈತಂತ. ನಂದು ಮುದುಕೀದು ಏನೈತಿ, ಇವತ್ತಲ್ಲ ನಾಳೆ ಗುಂಡಿ ಬೆಂಚು ಸಿಕ್ಕೇ ಸಿಗತೈತಿ. ಧಣಿ ಬರೂದ್ರಾಗ ಚೌಡಿ ಇನ್ನೊಮ್ಮಿ ಊದ್ಲಿ, ನನ್ನ ಹೆಸರಿಗೆ ಬರಕೋ. ನೀನು ಓದೂ ಹುಡುಗಿ."

ವನಿತಾಳ ಕಣ್ಣು ತುಂಬಿ ಬರುತ್ತದೆ. ಈ ಮಾತಿಗೆ ತಾನು ಒಂದು ಗಳಿಗೆ ಸೋತಿದ್ದೆ ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಚೌಡಕ್ಕ ಆಗಲೇ ಕೈ ಚಾಚಿದ್ದಳು.

"ಬ್ಯಾಡ ಅಂಬಮ್ಮಾರೆ," ಎನ್ನುತ್ತಾಳೆ ವನಿತಾ. ಹೊಸ ರಟ್ಟಿನ ತುದಿ ಸಿಕ್ಕಿಸಿ ಕೊಳವೆಯನ್ನು ಅಂಬಮ್ಮನ ಕೈಗೇ ಕೊಡುತ್ತಾಳೆ. "ನಿಮ್ದು ಎಷ್ಟೈತೋ ಅಷ್ಟು ಊದಿ."

ಅಷ್ಟರಲ್ಲಿ ವಾಗೀಶ್ ಬಾಗಿಲಿಗೆ ಬರುತ್ತಾರೆ. ಅಂಬಮ್ಮ ಊದುತ್ತಾರೆ. ಮುಳ್ಳು ಇನ್ನೂರ ಹತ್ತರ ಮೇಲೆ ನಿಲ್ಲುತ್ತದೆ. ಎರಡನೆಯ ಸಲ ಇನ್ನೂ ಕಡಿಮೆ. ಮೂರನೆಯ ಸಲ ಊದಲು ಹೋಗಿ ಕೆಮ್ಮಿನಲ್ಲೇ ಮುಗಿಯುತ್ತದೆ. ವಾಗೀಶ್ ಕೊಳವೆಯನ್ನು ಕೈಗೆ ತೆಗೆದುಕೊಂಡು ನೋಡಿ, ಕಿಟಕಿಯ ಕಡೆಗೆ ಕೈ ತೋರಿಸುತ್ತಾರೆ. ಅಂಬಮ್ಮ ಅಲ್ಲಿಗೆ ಹೋಗಿ ಕೂರುತ್ತಾರೆ.

ಸೆಮಿಸ್ಟರು ಮುಗಿಯಲು ಇನ್ನೂ ಸಮಯವಿದೆ. ಫ್ಯಾನಿನ ಗೆರೆ ಏರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ವನಿತಾಳ ಕೆಲಸ ಉಳಿಯುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಭಯವಿಲ್ಲವೇ ಎಂದರೆ ತಟ್ಟನೆ ಉತ್ತರ ಬರುತ್ತದೆ.

"ಭಯ ಐತೆ, ಯಾಕಿರಲ್ಲ? ಕೆಲ್ಸ ಹೋದ್ರೆ ಹೋಗ್ಲಿ ಅನ್ನೋವಷ್ಟು ದೊಡ್ಡೋಳಲ್ಲ ನಾನು. ಹೋಗಬಾರ್ದು, ನಾನು ಓದ್ಬೇಕು. ಆದ್ರೆ ಈಗ ಅಂಬಮ್ಮಾರ ಹೆಸ್ರು ಮುಂದೆ ಇರೋ ಉಸ್ರು ಅಂಬಮ್ಮಾರದೇ. ಯಾರ್ ಬೇಕಾದ್ರೂ ಬಂದು ಊದಿಸಿ ನೋಡ್ಲಿ."